ಜ್ಯೋತಿಲಕ್ಷ್ಮಿ ಅಳಿಸಿದ ಸಾಲು

ಮಾರಣ್ಣ ಕೊಡಲಿಯ ಕಾವಿನಿಂದ ಮೇಜು ಗುದ್ದಿದ ರಭಸಕ್ಕೆ ಪ್ರಿಂಟರ್ ನೆಲಕ್ಕೆ ಬಿದ್ದು ಒಡೆಯಿತು.

"ನೀನೇ ಕೊಟ್ಟ ನಕ್ಷೆ ಐತಲ್ಲಮ್ಮ! ಪಾಲಣ್ಣನ ರೊಪ್ಪ ನನ್ನ ಹೊಲದಾಗೈತೆ. ಇವತ್ತು ಕಿತ್ತು ಬಿಸಾಕ್ತೀನಿ. ಅಡ್ಡ ಬಂದ್ರೆ ಅವನನ್ನೂ ಕಡೀತೀನಿ."

ಅಂದವನೇ ಬೈಕ್ ಹತ್ತಿ ಸಿದ್ದಾಪುರದ ದಾರಿ ಹಿಡಿದ.

ಮೊಳಕಾಲ್ಮೂರಿನ ಆ ಪುಟ್ಟ ನಕ್ಷೆ ಕೇಂದ್ರದಲ್ಲಿ ಜ್ಯೋತಿಲಕ್ಷ್ಮಿ ಹತ್ತು ವರ್ಷ ದುಡಿದವಳು. ಹೋದ ವಾರ ಹಳೆಯ ಸರ್ವರ್‌ನಲ್ಲಿದ್ದ ನಕ್ಷೆಗಳನ್ನೆಲ್ಲ ಹೊಸ ತಂತ್ರಾಂಶಕ್ಕೆ ಸಾಗಿಸಿದ್ದಳು. ಪಾಲಣ್ಣನ ರೊಪ್ಪವೆಂದರೆ ಅವನು ಕಾಯುವ ದೇವರ ಎತ್ತುಗಳನ್ನು ಕೂಡಿಹಾಕುವ ಮುಳ್ಳುಬೇಲಿಯ ಆವರಣ. ಚಪ್ಪಲಿ ಮೆಟ್ಟಿ ಯಾರೂ ಒಳಗೆ ಕಾಲಿಡುವುದಿಲ್ಲ. ತಾತನ ಕಾಲದಿಂದ ಅಲ್ಲೇ ಇದ್ದದ್ದು ಪಕ್ಕದ ಹೊಲಕ್ಕೆ ನಡೆದುಹೋಗುತ್ತದೆಯೇ? ನಿನ್ನೆ ಮಾರಣ್ಣನಿಗೆ ನಕ್ಷೆ ಕೊಡುವಾಗ ಅವಳಿಗೆ ಇದು ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಪಾಲಣ್ಣ ಫೋನ್ ಎತ್ತಲಿಲ್ಲ. ಪೊಲೀಸರು ಜೀಪು ಕಳಿಸುತ್ತೇವೆಂದರು. ಸರಿಯಾದ ನಕ್ಷೆ ಕಣ್ಣಾರೆ ಕಾಣದೆ, ಬರೀ ಬಾಯಿಮಾತಿಗೆ ಮಾರಣ್ಣ ನಿಲ್ಲುವವನಲ್ಲ. ತಾಳೆ ನೋಡಲು ಅವಳು ಹೊಸ ನಕ್ಷೆಯಲ್ಲಿ ಸಿದ್ದಾಪುರದ ಪಕ್ಕದ ಬ್ರಹ್ಮಗಿರಿ ಬೆಟ್ಟವನ್ನು ಹುಡುಕಿದಳು. ಬೆಟ್ಟದ ಗಡಿ ಯಾರದೋ ಶೇಂಗಾ ಹೊಲದಲ್ಲಿ ಬಿದ್ದಿತ್ತು. ಗೆರೆಗಳೆಲ್ಲ ಒಂದೇ ಕಡೆಗೆ ಜಾರಿದ್ದವು. ಹಳೆಯ, ಹೊಸ ಸೆಟ್ಟಿಂಗ್‌ಗಳನ್ನು ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿದಳು. ಬ್ರಿಟಿಷರ ಕಾಲದ ಅಳತೆಯನ್ನು ಇವತ್ತಿನ ಉಪಗ್ರಹದ ಅಳತೆಗೆ ಹೊಂದಿಸಲು ನಿವೃತ್ತ ಸರ್ವೇಯರ್ ಅಜ್ಜಪ್ಪ ಹಿಂದೆ ಸೇರಿಸಿದ್ದ ಒಂದು ಸಾಲು ಹೊಸದರಲ್ಲಿ ಇರಲಿಲ್ಲ. ಬೇಡದ ಕಸವೆಂದು ಅಳಿಸಿದ್ದವಳು ಅವಳೇ.

ಸಾಲನ್ನು ವಾಪಸ್ ಹಾಕಿದರೂ ಗೆರೆ ಕದಲಲಿಲ್ಲ. ದರಿದ್ರದ ತಂತ್ರಾಂಶ, ಮೊದಲೇ ಉಳಿಸಿಟ್ಟ ತಪ್ಪು ಚಿತ್ರಗಳನ್ನೇ ತೋರಿಸುತ್ತಿತ್ತು. ಅವನ್ನೆಲ್ಲ ಅಳಿಸಿದ ಮೇಲೆ ಗೆರೆ ಹೊಲದ ಗಡಿಯ ಬಾಂದುಕಲ್ಲಿನ ಮೇಲೆ ಬಂದು ಕೂತಿತು. ಅದನ್ನು ಫೋನಿಗೆ ಇಳಿಸಿಕೊಂಡು ಅವಳು ಸ್ಕೂಟಿ ಹತ್ತಿ ಓಡಿಸಿದಳು.

ಮಾರಣ್ಣ ಹಚ್ಚಿದ ಬೆಂಕಿಗೆ ರೊಪ್ಪದ ಬೇಲಿ ಆಗಲೇ ಹೊತ್ತಿ ಉರಿಯುತ್ತಿತ್ತು. ಬೆದರಿದ ಎತ್ತುಗಳು ಒಂದನ್ನೊಂದು ತಿವಿಯುತ್ತಿದ್ದವು. ಬಾಗಿಲಿಗೆ ಪಾಲಣ್ಣ ಕೈ ಅಡ್ಡ ಚಾಚಿ ನಿಂತಿದ್ದ.

"ಚಪ್ಪಲಿ ಬಿಟ್ಟು ಬಾ ಲೇ, ಆಮೇಲೆ ಏನಾದ್ರೂ ಕಡಿ."

ಮಾರಣ್ಣ ಕೊಡಲಿ ಬೀಸಿದ. ಪಾಲಣ್ಣನ ಬಲಗೈಯ ಎರಡು ಬೆರಳು ಸಗಣಿಯಲ್ಲಿ ಬಿದ್ದವು.

"ತಪ್ಪು ನಂದು!" ಜ್ಯೋತಿಲಕ್ಷ್ಮಿ ಫೋನ್ ಎತ್ತಿ ಹಿಡಿದು ಚೀರುತ್ತ ಓಡಿಬಂದಳು. "ರೊಪ್ಪ ಅದರ ಜಾಗದಾಗೇ ಐತೆ. ನಕ್ಷೆ ಕೆಡಿಸಿದ್ದು ನಾನು!"

ಮಾರಣ್ಣ ಫೋನ್ ನೋಡಿದ, ಬಾಂದುಕಲ್ಲು ನೋಡಿದ. ಮುಖ ಕಪ್ಪಿಟ್ಟಿತು. ಕೊಡಲಿ ಅವಳ ಕಡೆ ತಿರುಗಿತು. ನೆತ್ತರು ಸುರಿಯುವ ಕೈಯನ್ನು ಎದೆಗೊತ್ತಿಕೊಂಡು ಪಾಲಣ್ಣ ನಡುವೆ ಬಂದ.

"ಆಯಮ್ಮನ ಕಾಲು ನೋಡಲೇ. ಈ ಬೆಂಕಿಯಾಗೂ ಚಪ್ಪಲಿ ಬಿಟ್ಟು ಬಂದವ್ಳೆ. ಮುಟ್ಟಬ್ಯಾಡ."

ಜ್ಯೋತಿಲಕ್ಷ್ಮಿ ತನ್ನ ಬರಿಗಾಲು ನೋಡಿಕೊಂಡಳು. ಎಲ್ಲಿ ಬಿಟ್ಟಳೋ ಅವಳಿಗೇ ನೆನಪಿರಲಿಲ್ಲ. ಮಾರಣ್ಣನ ಕೈಯಿಂದ ಕೊಡಲಿ ಜಾರಿತು. ಜೀಪಿನಲ್ಲಿ ಬಂದ ಪೊಲೀಸರು ಬೆಂಕಿ ಆರಿಸಿ, ಎತ್ತುಗಳನ್ನು ಹೊರಗೆ ಬಿಡಿಸಿ, ಅವನನ್ನು ಹೊತ್ತೊಯ್ದರು.

ನಕ್ಷೆಗಳು ಈಗ ಸರಿಯಾಗಿವೆ. ಪಾಲಣ್ಣ ಎಡಗೈಯಲ್ಲಿ ಕೋಲು ಹಿಡಿಯುವುದನ್ನು ಕಲಿತಿದ್ದಾನೆ. ಅವಳು ನೋಡಲು ಹೋದಾಗ ಒಮ್ಮೆಯೂ ಬೈದಿಲ್ಲ. ಉಳಿದ ಬೆರಳುಗಳಲ್ಲಿ ಲೋಟ ಹಿಡಿದು ಮಜ್ಜಿಗೆ ಕೊಡುತ್ತಾನೆ. ಇದಕ್ಕಿಂತ ಬೈದಿದ್ದರೇ ಮೇಲಿತ್ತು ಎಂದುಕೊಳ್ಳುತ್ತ ಅವಳು ಅದನ್ನು ಎರಡೂ ಕೈಯಲ್ಲಿ ಈಸಿಕೊಳ್ಳುತ್ತಾಳೆ.