ತುಟಿಗೆ ಪಟಕ ಮುಟ್ಟಿಸಿದ ಅಪ್ಪ

ನಮ್ಮ ಬೀದಿಯ ಕ್ಷೌರದಂಗಡಿಯವನು ಹೋದ ತಿಂಗಳು ತೀರಿಕೊಂಡ. ಎಲ್ಲರ ಬಾಯಲ್ಲೂ ಅವನು ಬೆಣ್ಣೆಕೈ. ಕತ್ತಿ ಕೆನ್ನೆಯ ಮೇಲೆ ಆಡುತ್ತಿದ್ದರೆ ಗಿರಾಕಿ ಗೊರಕೆ ಹೊಡೆಯುತ್ತಿದ್ದ. ರಚ್ಚೆ ಹಿಡಿದ ಮಕ್ಕಳೂ ಅವನ ಕುರ್ಚಿಯಲ್ಲಿ ತೆಪ್ಪಗಾಗುತ್ತಿದ್ದವು. ಆ ಹೆಸರೆಂದರೆ ಅವನಿಗೆ ಒಳಗೊಳಗೇ ಹೆಮ್ಮೆ. ಅದಕ್ಕೆ ಪೆಟ್ಟು ಬಿದ್ದದ್ದು ಮಾತ್ರ ಸ್ವಂತ ಮನೆಯಲ್ಲೇ.

ಮಗಳು ಆಗಿನ್ನೂ ಚಿಕ್ಕವಳು. ನೆಗಡಿ, ಜ್ವರ ಇಳಿಯುವಷ್ಟರಲ್ಲಿ ಕೆಳತುಟಿಯ ಅಂಚಿನಲ್ಲಿ ನೀರುಗುಳ್ಳೆಗಳ ಗೊಂಚಲು ಎದ್ದಿತು. ಒಂದು ಒಡೆದು ರಕ್ತ ಜಿನುಗಿತು. ರಕ್ತ ಕಂಡರೆ ಕ್ಷೌರಿಕನ ಕೈ ಎಲ್ಲಿಗೆ ಹೋಗುತ್ತದೆ? ಗಡ್ಡ ಹೆರೆಯುವಾಗ ಗೀರಿದರೆ ಉಜ್ಜುವ ಪಟಕದ ಕಲ್ಲಿಗೆ. ಅಂಗಡಿಯಿಂದ ಹೊಸ ತುಂಡೊಂದನ್ನು ತಂದು, ಒದ್ದೆ ಮಾಡಿ, ಹುಣ್ಣಿಗೆ ಮುಟ್ಟಿಸಿದ. ಮಗು ಸೂರು ಹಾರಿಹೋಗುವಂತೆ ಕಿರುಚಿತು.

"ಗಿರಾಕಿ ಗಡ್ಡ ಅಂದ್ಕೊಂಡ್ರಾ? ಮಗು ತುಟಿ ರೀ ಅದು!" ಹೆಂಡತಿ ಸೌಟು ಹಿಡಿದೇ ಓಡಿಬಂದಳು. "ಬೆಣ್ಣೆಕೈ ಅಂತ ಹೆಸರಿಟ್ಟೋರನ್ನ ಕರೀರಿ, ಒಂದ್ಸಲ ಬಂದು ನೋಡ್ಲಿ!"

ಅಲ್ಲಿಂದ ಅಪ್ಪ ಹತ್ತಿರ ಬಂದರೆ ಸಾಕು, ಮಗಳು ಬಾಯಿಗೆ ಅಂಗೈ ಅಡ್ಡ ಇಡುತ್ತಿದ್ದಳು. ಕೊನೆಗೆ ಅವನು ಅವಳನ್ನು ಆಸ್ಪತ್ರೆಗೆ ಕರೆದೊಯ್ದ.

ಡಾಕ್ಟರಮ್ಮ ಬೈಯಲಿಲ್ಲ. "ಒಂದ್ವಾರ, ಹತ್ತು ದಿನದಲ್ಲಿ ತಾನೇ ಒಣಗುತ್ತೆ. ಉರಿ ತಣಿಸಿ, ಸಾಕು. ತಣ್ಣೀರ ಬಟ್ಟೆ ಒತ್ತಿ, ವ್ಯಾಸಲೀನ್ ಸವರಿ. ಹುಳಿ, ಖಾರ ಬೇಡ. ಅವಳ ಲೋಟ, ಟವೆಲ್ ಬೇರೆ ಇರ್ಲಿ, ಮುತ್ತು ಕೊಡೋದು ಬಂದ್. ಹುಣ್ಣು ಮುಟ್ಟಿದ ಕೈ ಕಣ್ಣಿಗೆ ಹೋಗ್ಬಾರ್ದು. ಕಣ್ಣು ಕೆಂಪಾದ್ರೆ, ನೀರೂ ಕುಡೀದೆ ಹೋದ್ರೆ ತಕ್ಷಣ ಕರ್ಕೊಂಡ್ಬನ್ನಿ."

ಮನೆಗೆ ಬಂದು ಅವನು ಮಗಳನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿದ. ಒದ್ದೆ ಬಟ್ಟೆಯನ್ನು ಅವಳ ಕೈಗೇ ಕೊಟ್ಟು, ತಾನು ಅಂಗಡಿಯ ಕೈಗನ್ನಡಿ ಹಿಡಿದು ನಿಂತ.

"ಸರಿ ಕಾಣ್ತಾ ಮೇಡಂ?"

"ಇನ್ನೂ ಕೆಳಗೆ ಹಿಡಿ," ಎಂದಳು ಮೇಡಂ, ಗತ್ತಿನಿಂದ. ಬಟ್ಟೆ ಒತ್ತಿಕೊಂಡಳು. ಸೋಪು ಹಾಕಿ ಕೈ ತೊಳೆದು ವ್ಯಾಸಲೀನ್ ಹಚ್ಚಲು ಹೋದಳು. ಅದು ಗುಳ್ಳೆ ಬಿಟ್ಟು ಮೂಗಿಗೆಲ್ಲ ಮೆತ್ತಿತು. ಅವನು ನಗಲಿಲ್ಲ, ಕೈ ಚಾಚಲೂ ಇಲ್ಲ. ಕನ್ನಡಿ ಹಿಡಿದ ತೋಳು ಮಾತ್ರ ಸೋಲುತ್ತಿತ್ತು.

ಅವಳಿಗೇ ಸಾಕಾಯಿತು. "ನೀನೇ ಹಚ್ಚಪ್ಪ. ಕಲ್ಲು ಗಿಲ್ಲು ತಂದ್ರೆ ನೋಡು, ಅಮ್ಮನ್ನ ಕರೀತೀನಿ."

ಅವನು ಎರಡೂ ಅಂಗೈ ಬಿಚ್ಚಿ ತೋರಿಸಿದ. ಕೈ ತೊಳೆದು, ಹೊಸ ಹತ್ತಿಯ ತುದಿಗೆ ಚೂರು ವ್ಯಾಸಲೀನ್ ತೆಗೆದುಕೊಂಡ. ಮಗಳು ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಗದ್ದ ಎತ್ತಿದಳು.

ಮಾರನೆಯ ದಿನ ಅಂಗಡಿಗೆ ಯಾರೇ ಬರಲಿ, ಕತ್ತಿ ಮಸೆಯುತ್ತ ಅವನು ಹೇಳಿದ್ದು ಒಂದೇ ಮಾತು: "ನಾನು ತುಟಿಗೆ ವ್ಯಾಸಲೀನ್ ಹಚ್ಚೋವಾಗ ನನ್ ಮಗಳು ನಿನ್ನೆ ಕಣ್ಮುಚ್ಚಿ ಕೂತಿದ್ಳು ಕಣ್ರೀ, ಕಣ್ಮುಚ್ಚಿ!"