ಲಿಫ್ಟಮ್ಮನ 10,22,117

ಆಸ್ಪತ್ರೆಯ ಹಳೇ ಲಿಫ್ಟಿನಲ್ಲಿ, ಗುಂಡಿಗಳ ಮೇಲೆ, ಒಂದು ತಗಡಿನ ಪಟ್ಟಿ. ಅದರ ಮೇಲೆ ಕೊರೆದ ಸಂಖ್ಯೆ 10,22,117. ಇಪ್ಪತ್ತೊಂದು ವರ್ಷದಿಂದ ಸ್ಟೂಲಿನ ಮೇಲೆ ಕೂತು ಜನರನ್ನು ಹತ್ತಿಸಿ ಇಳಿಸುತ್ತಿದ್ದ ಲಿಫ್ಟಮ್ಮನ ಕಣ್ಣೆದುರಿಗೆ ಓದಲು ಇದ್ದದ್ದು ಅದೊಂದೇ.

ಶಾಲೆ ಹತ್ತನೇ ಕ್ಲಾಸಿಗೇ ನಿಂತಿದ್ದರೂ ಗಣಿತದಲ್ಲಿ ಆಕೆಯದು ಎತ್ತಿದ ಕೈ. ಒಂದು ದಿನ ಎಕ್ಸ್-ರೇ ಡಾಕ್ಟರಮ್ಮ, "ಅದನ್ಯಾಕೆ ಹಾಗೆ ದುರುಗುಟ್ಟಿ ನೋಡ್ತೀರಿ?" ಎಂದರು.

"ಇದು ಯಾರಿಗೂ ಬಗ್ಗೋ ಹಾಗೆ ಕಾಣಲ್ಲ ಮೇಡಂ. ಅವಿಭಾಜ್ಯ ಸಂಖ್ಯೆ ಇರಬೇಕು. ನೋಡೇಬಿಡ್ತೀನಿ."

ಅಂದಿನಿಂದ ಲಿಫ್ಟ್ ಖಾಲಿಯಿದ್ದಾಗಲೆಲ್ಲ ಭಾಗಾಕಾರ. ಎರಡು, ಮೂರು, ಐದು ಬಾಯಲ್ಲೇ ಮುಗಿದವು. ಏಳರಿಂದಾಚೆಗೆ ನೋಟ್‌ಬುಕ್ ಬೇಕಾಯಿತು. ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಹೋದಳು. ಪ್ರತಿ ಸಲವೂ ಏನಾದರೊಂದು ಶೇಷ ಉಳಿಯುತ್ತಿತ್ತು. ನಾಲ್ಕು ತಿಂಗಳ ಮೇಲೆ 997 ಕೂಡ ಕೈಕೊಟ್ಟಿತು. ಸಾವಿರದೊಳಗಿನ ನೂರ ಅರವತ್ತೆಂಟು ಅವಿಭಾಜ್ಯಗಳೂ ಮುಗಿದವು. ಸಾವಿರ ಸಾವಿರಲೆ ಹತ್ತು ಲಕ್ಷ; ಒಡೆಯುವುದಿದ್ದರೆ ಒಂದು ಭಾಜಕವಾದರೂ ಸಾವಿರದೊಳಗೇ ಸಿಗಬೇಕಿತ್ತು. ಇನ್ನು ಮುಂದೆ ನೋಡುವುದೇನಿದೆ ಎಂದು ನೋಟ್‌ಬುಕ್ ಮುಚ್ಚಿ, ಅದು ಅವಿಭಾಜ್ಯವೇ ಎಂದು ಡಾಕ್ಟರಮ್ಮನಿಗೆ ಸುದ್ದಿ ಕೊಟ್ಟಳು. ಅವರು ವಾರ್ಡಿಗೆಲ್ಲ ಡಂಗುರ ಸಾರಿದರು.

ಮರುವಾರ ಮೂರನೇ ಮಹಡಿಗೆ ಟೈಲ್ ಹಾಕಲು ಬಂದವನು ಆಕೆಯ ಸ್ವಂತ ತಮ್ಮ. ಊಟಕ್ಕೆ ಕೂತಾಗ ಕತೆಯೆಲ್ಲ ಕೇಳಿ, "ಅಷ್ಟು ಟೈಲ್ ಇದ್ರೆ ಎಷ್ಟು ದೊಡ್ಡ ಚೌಕ ಆಗುತ್ತಕ್ಕ?" ಎಂದ.

ಅಕ್ಕ ಗುಣಿಸಿ ನೋಡಿದಳು. "ಒಂದೊಂದು ಬದಿಗೂ ಸಾವಿರದ ಹನ್ನೊಂದು ಇಟ್ರೆ ಬರೀ ನಾಲ್ಕು ಕಮ್ಮಿ ಬೀಳುತ್ತೆ ಕಣೋ."

"ಮೂಲೇಲಿ ಎರಡಕ್ಕೆರಡು ಖಾಲಿ ಬಿಡು. ಆಗ ಮೇಲಿನ ಎರಡು ಸಾಲಲ್ಲಿ ಎಷ್ಟೆಷ್ಟು?"

"ಸಾವಿರದ ಒಂಬತ್ತು."

"ಅವುಗಳ ಕೆಳಗೆ ಉಳಿದಿರೋ ಸಾಲುಗಳ ಲೆಕ್ಕವೂ ಸಾವಿರದ ಒಂಬತ್ತೇ ತಾನೆ? ಮೇಲಿನ ಆ ಎರಡು ಸಾಲನ್ನ ಎತ್ತಿ ಪಕ್ಕಕ್ಕೆ ಮೇಲಿಂದ ಕೆಳಗೆ ಕೂರಿಸು, ಸಾಲಿಗೆ ಎರಡೆರಡು ಟೈಲ್ ಸೇರುತ್ತೆ. ಒಂದು ಟೈಲೂ ಕತ್ತರಿಸದೆ ಆಯತ ಆಗೋಯ್ತು."

ಲಿಫ್ಟಮ್ಮನ ತುತ್ತು ಕೈಯಲ್ಲೇ ಉಳಿಯಿತು. ಎಡಗೈಯಲ್ಲೇ ಬರೆದು ಗುಣಿಸಿದಳು: 1009 × 1013. ಸರಿಯಾಗಿ 10,22,117. ಹತ್ತು ಲಕ್ಷದ ಮೇಲಿದ್ದ ಇಪ್ಪತ್ತೆರಡು ಸಾವಿರವನ್ನು ಮರೆತು ಸಾವಿರಕ್ಕೇ ನಿಂತುಬಿಟ್ಟಿದ್ದಳು. 997 ಆದ ಮೇಲಿನ ಅವಿಭಾಜ್ಯವೇ 1009! ದಡ ಕೈಗೆಟುಕುವಾಗ ಈಜು ಬಿಟ್ಟೆನಲ್ಲ ಎಂದು ಮೊದಲು ತಲೆ ಚಚ್ಚಿಕೊಂಡಳು. ಆಮೇಲೆ ತಮ್ಮನ ಸಿಮೆಂಟ್ ಮೆತ್ತಿದ ಮುಖ ನೋಡಿ ನಗು ಬಂತು.

"ಚಿಕ್ಕವನಿದ್ದಾಗ ಮಗ್ಗಿ ತಪ್ಪಿದ್ದಕ್ಕೆ ನಿನ್ನ ಕಿವಿ ಹಿಂಡ್ತಿದ್ದೆ."

"ಈಗ ನಿನ್ನ ಕಿವಿ ಕೊಡು, ಲೆಕ್ಕ ಚುಕ್ತಾ."

ಮಧ್ಯಾಹ್ನ ಡಾಕ್ಟರಮ್ಮ ಲಿಫ್ಟ್ ಹತ್ತಿದೊಡನೆ ಲಿಫ್ಟಮ್ಮ ತಾನೇ ಬಾಯಿಬಿಟ್ಟಳು. "ನಾನು ಹೇಳಿದ್ದು ತಪ್ಪು ಮೇಡಂ. ಅದು ಒಡೀತು." ಚೌಕ, ಮೂಲೆ, ಎರಡು ಸಾಲು ಎಲ್ಲವನ್ನೂ ಬರೆದು ತೋರಿಸಿದಳು. ಇಳಿಯಬೇಕಾದ ಮಹಡಿ ಬಂದರೂ ಡಾಕ್ಟರಮ್ಮ ಇಳಿಯಲಿಲ್ಲ.

"ಇದನ್ನ ಯಾವ ಮೇಷ್ಟ್ರು ಹೇಳಿಕೊಟ್ಟರು?"

"ಮೂರನೇ ಮಹಡೀಲಿ ಟೈಲ್ ಕೂರಿಸ್ತಿದಾರೆ. ಕರೀಲಾ?"