ಅಣ್ಣನ ಹಾರ್ನಿನ ಮೇಲೆ ಹೊರಿಸಿದ ತಪ್ಪು

“ಕುದುರಿ ಕಾಲ ನೆಟ್ಟಗಾತೇನೋ ತಮ್ಮಾ?”

ಘಟಪ್ರಭಾ ಸ್ಟೇಷನ್ ಎದುರು ಹತ್ತಿದ ಟಂಟಂ ಆಟೋದ ಚಾಲಕ ಹೀಗೆ ಕೇಳಿದಾಗಲೇ ನಾನು ಅವನ ಮುಖ ನೋಡಿದ್ದು. ಅವನು ನನ್ನ ಅಣ್ಣ. ಆರು ತಿಂಗಳ ಮೇಲೆ ಸಿಕ್ಕಿದ್ದ.

ನಾವಿಬ್ಬರೂ ಒಬ್ಬರೇ ಸಾಹೇಬರ ಹತ್ತಿರ ದುಡಿಯುತ್ತಿದ್ದೆವು. ಸಕ್ಕರೆ ಕಾರ್ಖಾನೆಯ ದೊಡ್ಡ ಅಧಿಕಾರಿಯಾದ ಅವರು ಸ್ವಂತಕ್ಕೆ ಶರ್ಯತ್ತಿನ ಓಟಕ್ಕೆಂದು ಎರಡು ಕುದುರೆ, ಬಾಡಿಗೆಗೆ ನಾಲ್ಕು ಟ್ಯಾಕ್ಸಿ ಇಟ್ಟಿದ್ದಾರೆ. ಅಣ್ಣ ಟ್ಯಾಕ್ಸಿ ಓಡಿಸುತ್ತಿದ್ದ, ನಾನು ಕುದುರೆ ನೋಡಿಕೊಳ್ಳುತ್ತೇನೆ. ಮೂಡಲಗಿ ಶರ್ಯತ್ತಿನ ಹಿಂದಿನ ದಿನ ಗೆಳೆಯರ ಮುಂದೆ ಮೆರೆಯಲು ಕುದುರೆಯನ್ನು ಡಾಂಬರು ರಸ್ತೆಯಲ್ಲಿ ಜೋರಾಗಿ ಓಡಿಸಿದೆ. ಅದು ಜಾರಿ ಬಿದ್ದು ಕುಂಟತೊಡಗಿತು. ಸಾಹೇಬರು ಕೇಳಿದಾಗ, “ಅಣ್ಣನ ಗಾಡಿ ಹಾರ್ನಿಗೆ ಬೆದರಿ ಬಿತ್ತರಿ” ಎಂದುಬಿಟ್ಟೆ. ಅಣ್ಣ ಒಮ್ಮೆ ನನ್ನ ಮುಖ ನೋಡಿದ. ಟ್ಯಾಕ್ಸಿಯ ಕೀಲಿಯನ್ನು ಸಾಹೇಬರ ಕೈಗೆ ಕೊಟ್ಟು ಕೆಲಸ ಬಿಟ್ಟು ಹೋದ.

“ಆಗೇತಿ ಅಣ್ಣಾ, ಈಗ ಓಡತೈತಿ” ಎಂದೆ.

“ಡಾಂಬರ್ ಮ್ಯಾಲ ಮಾತ್ರ ಓಡಸಬ್ಯಾಡ ನೋಡ” ಎಂದು ನಕ್ಕ.

ಎಲ್ಲ ಗೊತ್ತಿದ್ದೂ ಅವನು ಅಂದು ನನ್ನ ತಪ್ಪನ್ನು ತನ್ನ ಮೇಲೆ ಹೊತ್ತುಕೊಂಡಿದ್ದ. ಸಾಹೇಬರ ಎದುರು ನಿಂತು ನಿಜ ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ. ಅವರು ದಿನವೂ ಬೆಳಿಗ್ಗೆ ಕುದುರೆ ಲಾಯದ ಕಟ್ಟೆಯ ಮೇಲೆ ಕುಳಿತು ಈ ಪತ್ರಿಕೆ ಓದುತ್ತಾರೆ. ಅದಕ್ಕೇ ಇಲ್ಲಿ ಬರೆದಿದ್ದೇನೆ.